ತಂಗೆವ್ವನ ಪುಟ

"ಬೆಳ್ಳೀದು ಅಂತ ಹಾಕೀರಿ ಇಲ್ಲೆ. ಬೆಳ್ಳೀದಲ್ಲಲೇ ಅದು, ಬಂಗಾರದ್ದು! ತಿದ್ದಕೋ."

ತಾತ್ಯಾಸಾಹೇಬ ಇನಾಮದಾರರು ಕರಡು ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ಒಂದು ಸಾಲಿನ ಮೇಲೆ ಉಗುರಿನಿಂದ ಗೀರು ಎಳೆದರು. ಎದುರಿಗೆ ಜಮಖಾನೆಯ ಅಂಚಿನಲ್ಲಿ ಮಂಡಿ ಮಡಚಿ ಕೂತಿದ್ದ ಶಿದ್ರಾಮಪ್ಪನಿಗೆ ತನ್ನ ಕಿವಿಯ ಮೇಲೇ ಅನುಮಾನ ಬಂತು. ವಾಡೆಯ ಮೆಟ್ಟಿಲು ಹತ್ತುವಾಗ ಅವನು ಬೇರೆಯದಕ್ಕೇ ಸಿದ್ಧನಾಗಿದ್ದ. ಹಾಳೆ ಹರಿದು ಮುಖಕ್ಕೆ ಎಸೆಯಬಹುದು, ಆಳನ್ನು ಕರೆದು ಹೊರಗೆ ದಬ್ಬಿಸಬಹುದು, ಹೆಚ್ಚೆಂದರೆ ಕಪಾಳಕ್ಕೆ ಎರಡು ಬೀಳಬಹುದು. ಜಮಖಂಡಿಯ ಹೀರಾಬಾಯಿ, ಒಂದು ಕಾಲಕ್ಕೆ ಸುತ್ತಲಿನ ದೊಡ್ಡ ಮನುಷ್ಯರೆಲ್ಲ ಯಾರ ಹಾಡಿನ ಬೈಠಕ್ಕಿಗೆ ಸಾಲುಗಟ್ಟುತ್ತಿದ್ದರೋ ಆ ಹೀರಾಬಾಯಿ, ತನ್ನ ಬದುಕಿನ ಕಥೆಯನ್ನು ಹೇಳಿ ಬರೆಸಿ ಅಚ್ಚು ಹಾಕಿಸುತ್ತಿದ್ದಾಳೆ. ಅದರ ಎರಡನೆಯ ಅಧ್ಯಾಯದ ತುಂಬ ಇನಾಮದಾರರೇ ಇದ್ದಾರೆ, ಸಡಿಲಾದ ಧೋತರದ ಸಮೇತ. ಓದಿದವನು ನಾಚಬೇಕು, ಇಲ್ಲವೆ ಸಿಟ್ಟಿಗೇಳಬೇಕು. ಇವರು ತಾವು ಅವಳಿಗೆ ಕೊಟ್ಟ ಅತ್ತರದಾನಿಯ ಲೋಹ ತಿದ್ದುತ್ತಿದ್ದಾರೆ.

"ಬಾಯಾರು ಬೆಳ್ಳೀದು ಅಂತೇ ಹೇಳಿದ್ರಿ ಸಾಹೇಬ್ರ," ಎಂದ.

"ಅಕಿಗೇನ್ ನೆನಪಿರತೈತಿ? ಹತ್ತ ಮಂದಿ ಕೊಟ್ಟಿದ್ದು ತಲಿಯಾಗ ಕಲಸಿ ಹೋಗಿರತೈತಿ. ತಡಿ, ಸಾಕ್ಷಿ ಕರಸ್ತೀನಿ." ಒಳಬಾಗಿಲ ಕಡೆ ತಿರುಗಿ ಕೂಗಿದರು: "ಏ ಸುಮನಾ! ಬಾ ಇಲ್ಲೆ."

ಸುಮನಾಬಾಯಿ ತಲೆಯ ಮೇಲೆ ಸೆರಗು ಎಳೆದುಕೊಂಡು ಬಾಗಿಲ ಚೌಕಟ್ಟಿನಲ್ಲೇ ನಿಂತರು. ಅರವತ್ತರ ಹೆಂಗಸು. ಅಕ್ಕಿ ಆರಿಸುತ್ತಿದ್ದ ಮೊರ ಕೈಯಲ್ಲೇ ಇತ್ತು.

"ನಮ್ಮನ್ಯಾಗ ಒಂದು ಅತ್ತರದಾನಿ ಇತ್ತಲಾ, ನವಿಲಿನಂಥಾದ್ದು. ಅದು ಬೆಳ್ಳೀದೋ ಬಂಗಾರದ್ದೋ? ಇಂವಗ ಹೇಳು."

ಆಕೆ ಗಂಡನನ್ನು ನೋಡಿದರು, ಆಮೇಲೆ ಅವರ ಕೈಯ ಹಾಳೆಯನ್ನು ನೋಡಿದರು. "ಬಂಗಾರದ್ದು," ಎಂದರು. "ನಮ್ಮ ತವರಮನ್ಯಾಗ ಕೊಟ್ಟಿದ್ರು. ಕಳುವಾತು ಅಂದಿದ್ರಿ ನೀವು."

"ಹಾಂ! ಕೇಳಿದೆಲಾ? ಬಂಗಾರದ್ದು." ತಾತ್ಯಾಸಾಹೇಬರು ತೊಡೆ ತಟ್ಟಿಕೊಂಡರು. ಹೆಂಡತಿಯ ಕೊನೆಯ ಮಾತು ಅವರ ಕಿವಿಗೆ ಬಿದ್ದಂತಿರಲಿಲ್ಲ. ಬಿದ್ದಿದ್ದರೂ ಅದರಲ್ಲಿ ನಾಚುವಂಥದ್ದು ಏನಿದೆ ಎಂದು ಅವರಿಗೆ ಹೊಳೆಯುತ್ತಿರಲಿಲ್ಲ. ಸುಮನಾಬಾಯಿ ಮೊರವನ್ನು ಎದೆಗೆ ಒತ್ತಿಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಆಳಿನ ಕೈಯಲ್ಲಿ ಚಹಾ ಬಂತು. ಕುಡಿಯದೆ ಏಳುವ ಧೈರ್ಯ ಶಿದ್ರಾಮಪ್ಪನಿಗಿರಲಿಲ್ಲ, ಕುಡಿದ. ಗಂಟಲಲ್ಲಿ ಇಳಿಯುವಾಗ ಅದು ಯಾರದೋ ಎಂಜಲು ಅನ್ನಿಸಿತು.

ತಪ್ಪು ಅವನದೇ. ಪರಮಾನಂದಪ್ಪನ ಛಾಪಖಾನೆಯಲ್ಲಿ ಹದಿನೆಂಟು ವರ್ಷದಿಂದ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಅವನ ಕೈಯಲ್ಲಿ ಹಾದುಹೋದದ್ದು ಬಹುತೇಕ ಲಗ್ನಪತ್ರಿಕೆಗಳೇ. ಜಮಖಂಡಿ, ಬನಹಟ್ಟಿ, ಮುಧೋಳ, ಬೀಳಗಿ, ಎಲ್ಲ ಕಡೆಯ ದೊಡ್ಡ ಮನೆಗಳ ಪತ್ರಿಕೆ ಅಲ್ಲೇ ಅಚ್ಚಾಗಬೇಕು. ಪತ್ರಿಕೆಯ ಕೆಳಗೆ ಹಿರಿಯರ ಹೆಸರಿನ ಸಾಲು ಇರುತ್ತದಲ್ಲ, ಅದರಲ್ಲಿ ಯಾರು ಮೇಲೆ ಯಾರು ಕೆಳಗೆ ಎಂಬ ಜಗಳದಲ್ಲಿ ಲಗ್ನಗಳೇ ಮುರಿದದ್ದುಂಟು. ಅದಕ್ಕಾಗಿ ಒಂದು ರೂಢಿ ಬಿದ್ದಿತ್ತು. ಮೊದಲು ಒಂದೇ ಒಂದು ಕರಡು ಪ್ರತಿ ತೆಗೆಯಬೇಕು, ಹೆಸರಿದ್ದ ಪ್ರತಿಯೊಬ್ಬ ಹಿರಿಯನ ಮನೆಗೆ ಅದನ್ನು ಒಯ್ದು ತೋರಿಸಬೇಕು, ಅವರೆಲ್ಲ 'ಹೂಂ' ಅಂದ ಮೇಲೆಯೇ ಅಚ್ಚು. ಒಯ್ಯುವ ಕೆಲಸ ಶಿದ್ರಾಮಪ್ಪನದು. ಹೀರಾಬಾಯಿಯ ಪುಸ್ತಕದ, ಹದಿನಾರು ಹದಿನಾರು ಪುಟಗಳ ಮೊದಲ ಮೂರು ಫಾರಮ್ಮುಗಳ ಕರಡು ಒಣಗಿದ ಕೂಡಲೇ ಅವನು ಅವನ್ನು ಎಂದಿನಂತೆ ಅರಿವೆಯಲ್ಲಿ ಕಟ್ಟಿಕೊಂಡು ಎಂದಿನಂತೆ ಹೊರಟುಬಿಟ್ಟಿದ್ದ. ಯಾರೂ ಹೇಳಿರಲಿಲ್ಲ. ಇದು ಲಗ್ನಪತ್ರಿಕೆಯಲ್ಲ ಎಂದು ಅವನಿಗೆ ಹೊಳೆದದ್ದು ಇನಾಮದಾರರ ಓಣಿಗೆ ತಿರುಗಿದ ಮೇಲೆ. ಅಷ್ಟರಲ್ಲಿ ವಾಡೆಯ ಕಾವಲಿನವನು ಅವನನ್ನು ಕಂಡು, "ಪತ್ರಿಕಿ ಬಂದಾವ್ರಿ" ಎಂದು ಒಳಗೆ ಕೂಗಿಯಾಗಿತ್ತು.

"ತೇರದಾಳದ ಶೆಟ್ಟಿಗೂ ತೋರಿಸು," ಎಂದರು ತಾತ್ಯಾಸಾಹೇಬರು ಹಾಳೆ ಹಿಂದಿರುಗಿಸುತ್ತ. "ಆ ಬೀಳಗಿ ಕಡೆ ಕರೆಪ್ಪಗೌಡಗೂ ತೋರಿಸು. ಇಲ್ಲಂದ್ರ ನಾನೊಬ್ಬನೇ ತಿದ್ದಿಸಿಕೊಂಡ್ನಿ ಅಂತ ಊರ ತುಂಬ ಹೇಳ್ತಾರ."

ತೇರದಾಳದ ಪಾರ್ಶ್ವನಾಥ ಶೆಟ್ಟರು ಅರಳೆಯ ವ್ಯಾಪಾರಿ. ಬಸದಿಗೆ ಹೋಗಿ ಬಂದು ಹಣೆಯ ಗಂಧ ಆರುವ ಮೊದಲೇ ಹಾಳೆ ಓದಲು ಕೂತರು. ಓದುತ್ತ ಓದುತ್ತ ಅವರ ಮುಖ ಕಪ್ಪಿಟ್ಟಿತು. ಕೊನೆಗೂ ನಾಚಿಕೆಯುಳ್ಳ ಒಬ್ಬ ಮನುಷ್ಯ ಸಿಕ್ಕ ಎಂದು ಶಿದ್ರಾಮಪ್ಪನಿಗೆ ಒಂದು ನಿಮಿಷ ಸಮಾಧಾನವೂ ಆಯಿತು.

"ಇದೇನಿದು? ದೀಪ ಹಚ್ಚಿದ ಮ್ಯಾಲೆ ಶೆಟ್ಟರು ಆಕಿ ಕೈಯಾಗಿನ ಪೇಢೆ ತಿಂದ್ರು ಅಂತ ಬರದೀರಿ?"

"ಬಾಯಾರು ಹಂಗ ಹೇಳಿದ್ರಿ."

"ನಾವು ಹೊತ್ತು ಮುಣಗಿದ ಮ್ಯಾಲೆ ಬಾಯಾಗ ನೀರು ಸುದ್ದಾ ಹಾಕ್ಕೊಳ್ಳಾಂಗಿಲ್ಲ. ಓದಿದ ಮಂದಿ ಏನಂತಾರ? ನಮ್ಮ ಮನಿತನಕ್ಕ ಕಳಂಕ ಬರತೈತಿ." ಶೆಟ್ಟರ ದನಿ ನಿಜವಾಗಿಯೂ ನಡುಗುತ್ತಿತ್ತು. "ಆ ಪೇಢೆ ಒಂದು ತಗೀರಿ. ಉಳದದ್ದು ಇರ್ಲಿ."

ಉಳಿದದ್ದು ಎಂದರೆ ಎರಡು ಪುಟ. ಅದನ್ನು ಮೊಳೆ ಜೋಡಿಸುವಾಗ ಶಿದ್ರಾಮಪ್ಪನಂಥ ಶಿದ್ರಾಮಪ್ಪನೇ ಎರಡು ಸಲ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಿದ್ದ. ಅದು ಇರಲಿಯಂತೆ, ಪೇಢೆ ಬೇಡವಂತೆ! ಸೈಕಲ್ಲು ತುಳಿಯುತ್ತ ಮರಳಿ ಬರುವಾಗ ದಾರಿಯುದ್ದಕ್ಕೂ ಅವನು ಉಗುಳುತ್ತ ಬಂದ. ಮರುದಿನ ಸಂತೆಗೆಂದು ಊರಿಗೆ ಬಂದ ಕರೆಪ್ಪಗೌಡರು ಛಾಪಖಾನೆಯ ಕಟ್ಟೆಯ ಮೇಲೇ ಕೂತು ಓದಿಸಿ ಕೇಳಿದರು. ಅವರ ತಕರಾರು ಸಣ್ಣದು. ಇನಾಮದಾರರು ಎರಡನೆಯ ಅಧ್ಯಾಯದಲ್ಲಿ ಬರುತ್ತಾರೆ, ತಾನು ನಾಲ್ಕನೆಯದರಲ್ಲಿ. ಹೀರಾಬಾಯಿಯ ಮನೆಗೆ ಮೊದಲು ಹೋದವನು ತಾನೋ ಅವನೋ? "ನಾ ಮೊದಲ ಹೋದಾಂವ. ಬೇಕಾದ್ರ ದೇವರ ಮುಟ್ಟಿ ಹೇಳ್ತೀನಿ," ಎಂದರು ಗೌಡರು, ಸುತ್ತ ನಿಂತವರು ಕೇಳುವಂತೆ. ಅವರ ಹೊಲದ ಆಳು ಹಿಂದೆ ನಿಂತು ತಲೆ ತಗ್ಗಿಸಿದ್ದ.

ಹೀರಾಬಾಯಿಗೆ ಇದೇನೂ ಗೊತ್ತಿರಲಿಲ್ಲ. ಅವಳ ಎರಡೂ ಕಣ್ಣಿಗೆ ಪೊರೆ ಬಂದು ನಾಲ್ಕು ವರ್ಷವಾಗಿತ್ತು. ಬೆಳಕು ಯಾವ ಕಡೆ, ಕತ್ತಲು ಯಾವ ಕಡೆ, ಅಷ್ಟು ಮಾತ್ರ ತಿಳಿಯುತ್ತಿತ್ತು. ಹಾಲವ್ವ ಎಂಬ ಮುದುಕಿ ಅಡುಗೆ ಮಾಡಿಕೊಂಡು ಜೊತೆಗಿದ್ದಳು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಶಿದ್ರಾಮಪ್ಪ ಹೀರಾಬಾಯಿಯ ಮನೆಗೆ ಹೋಗಿ, ಅವಳು ಹೇಳಿದ್ದನ್ನು ಪೆನ್ಸಿಲಿನಲ್ಲಿ ಬರೆದುಕೊಂಡು, ಬರಹದ ಭಾಷೆಗೆ ತಿರುಗಿಸಿ, ಓದಿ ತೋರಿಸಿ, ಆಮೇಲೆ ಮೊಳೆಗೆ ಕೂಡುತ್ತಿದ್ದ. ಹೀಗೆ ಐದು ತಿಂಗಳು ನಡೆದಿತ್ತು. ಅಚ್ಚಿನ ಖರ್ಚಿಗೆಂದು ಅವಳು ಸೊಂಟದ ಬಂಗಾರದ ಡಾಬನ್ನೇ ಬಿಚ್ಚಿ ಪರಮಾನಂದಪ್ಪನ ಕೈಗೆ ಕೊಟ್ಟಿದ್ದಳು.

ಮೊದಮೊದಲು ಶಿದ್ರಾಮಪ್ಪನಿಗೆ ಅವಳ ಮೇಲೂ ಅಸಹ್ಯವೇ. ಈ ವಯಸ್ಸಿನಲ್ಲಿ ಈ ಕೊಳೆಯನ್ನು ಯಾಕೆ ಕೆದಕುತ್ತಾಳೆ, ಯಾರ ಶಾಲು, ಯಾರ ಉಂಗುರ, ಯಾರು ಕುಡಿದು ಎಲ್ಲಿ ಬಿದ್ದರು, ಇದನ್ನೆಲ್ಲ ಕೇಳಿ ಬರೆಯುವ ನನ್ನ ಹಣೆಬರಹವಾದರೂ ಏನು ಎಂದು ಗೊಣಗಿಕೊಳ್ಳುತ್ತಿದ್ದ. ಒಂದು ದಿನ ತಡೆಯಲಾಗದೆ ಕೇಳಿಯೇಬಿಟ್ಟ.

"ಯಾಕ್ರಿ ಬಾಯಾರ, ಇದೆಲ್ಲಾ ಯಾಕ ಬೇಕು?"

"ನನಗ ಬೇಕಾದ್ದು ಒಂದ ಪುಟ ಶಿದ್ರಾಮಪ್ಪಾ," ಎಂದಳು ಹೀರಾಬಾಯಿ. "ನನ್ನ ತಂಗಿ ತಂಗೆವ್ವಂದು. ಬರೇ ಅದನ್ನ ಅಚ್ಚು ಹಾಕಿಸಿದ್ರ ಯಾರ ಓದ್ತಾರ ಹೇಳ್ರಿ? ಒಬ್ಬ ಪಾತರದಾಕಿ ಸತ್ಲು ಅಂತ ಓದಾಕ ಯಾರಿಗೆ ಹೊತ್ತೈತಿ? ಶಾಲು, ಉಂಗುರ, ಅತ್ತರ ಅಂದ್ರ ಓದ್ತಾರ. ಅವರವರ ಹೆಸರು ಹುಡಕಾಕರ ಹಾಳಿ ತಿರವ್ತಾರ. ತಿರವಕೋತ ತಿರವಕೋತ ಆಕಿ ಪುಟಕ್ಕ ಬರ್ತಾರ. ಅದಕ್ಕ ಇಷ್ಟೆಲ್ಲಾ ಹೇಳಾಕತ್ತೇನಿ."

ಆ ಪುಟವನ್ನು ಅವಳು ಅದೇ ದಿನ ಹೇಳಿದಳು. ಇದನ್ನು ಮಾತ್ರ ಬರಹದ ಭಾಷೆಗೆ ತಿರುಗಿಸಬಾರದು, ತಾನು ಆಡಿದಂತೆಯೇ ಇರಬೇಕು, ಒಂದು ಅಕ್ಷರ ಆಚೆ ಈಚೆ ಆಗಬಾರದು ಎಂದು ಅವನಿಂದ ಮಾತು ತೆಗೆದುಕೊಂಡಳು. ಆಮೇಲೆ ಗೋಡೆಗೆ ಬೆನ್ನು ಕೊಟ್ಟು, ಒಂದೊಂದು ಮಾತಿಗೂ ನಿಂತು ಹೇಳಿದಳು:

"ನನ್ನ ತಂಗಿ ತಂಗೆವ್ವ. ನನಗಿಂತ ಎಂಟು ವರ್ಷಕ್ಕ ಸಣ್ಣಾಕಿ. ನಾ ಹಾಡೂ ಮುಂದ, ಹಿಂದ ಕುಂತು ಸುರ ಹಿಡೀತಿದ್ಲು. ಘಟಪ್ರಭಾ ದಂಡಿಗೆ ಶಿಕಾರಿ ಡೇರೆ ಹಾಕಿದ್ರು. ಮಧ್ಯಾಹ್ನ ನೀರಿಗೆ ಹೋದಾಕಿನ್ನ ಹಾವು ಕಡೀತು. ಗೆಜ್ಜಿ ಕಟ್ಟಿದ ಕಾಲಿಗೇ ಕಡೀತು. ಅದೇ ಹೊತ್ತಿಗೆ ಹಂದಿ ಹೊಟ್ಟಿ ಸೀಳಿದ ನಾಯಿನ ಹೊತ್ಕೊಂಡು ಬಂದ್ರು. ಇದ್ದದ್ದು ಒಂದ ಗಾಡಿ. ನಾ ಇನಾಮದಾರರ ಕಾಲು ಹಿಡದ್ನಿ. ಶೆಟ್ಟರ ಕಾಲು ಹಿಡದ್ನಿ. ಕರೆಪ್ಪಗೌಡರ ಕಾಲು ಹಿಡದ್ನಿ. ಮೂರೂ ಮಂದಿ ನಾಯಿ ಮೊದಲ ಹೋಗ್ಲಿ ಅಂದ್ರು. ಇಬ್ಬರ್ನೂ ಹಾಕ್ರಿ ಅಂದ್ನಿ. ನಾಯಿ ಕಾಲು ಚಾಚಿ ಮಲಗಬೇಕು, ಇಕಿನ್ನ ಎಲ್ಲಿ ಹಾಕೂದು ಅಂದ್ರು. ಕುದರಿ ಕೇಳಿದ್ನಿ. ಕುದರಿ ದಣದಾವು ಅಂದ್ರು. ಗಾಡಿ ಮುಧೋಳಕ್ಕ ಹೋತು. ನೀ ಹಾಡು, ಅಳಬ್ಯಾಡ, ಹಾಡು ಕೇಳಾಕ ಬಂದ ಪಾವಣ್ಯಾರು ಕುಂತಾರ ಅಂದ್ರು. ನಾ ಹಾಡಿದ್ನಿ. ನಾಕು ಹಾಡು ಹಾಡಿದ್ನಿ. ಹಿಂದ ಸುರ ಇರಲಿಲ್ಲ. ಕಾಲು ಬಾತು ಗೆಜ್ಜಿ ಬಿಚ್ಚಾಕ ಬರಲಿಲ್ಲ. ಗೆಜ್ಜಿ ಸುದ್ದಾ ಮಣ್ಣು ಮಾಡಿದಿವಿ. ಇಪ್ಪತ್ತೊಂದು ವರ್ಷದಾಕಿ. ಆಕಿ ಹೆಸರು ತಂಗೆವ್ವ."

ಶಿದ್ರಾಮಪ್ಪ ಬರೆದುಕೊಂಡ. ಅಂದಿನಿಂದ ಅವನು ಅವಳ ಮೇಲೆ ಗೊಣಗುವುದನ್ನು ಬಿಟ್ಟ. ಅದು ಅರವತ್ತೊಂದನೆಯ ಪುಟವಾಯಿತು. ಮೊಳೆ ಜೋಡಿಸುವಾಗ ಒಂದೊಂದೇ ಅಕ್ಷರವನ್ನು ಮೊಳೆಪೆಟ್ಟಿಗೆಯ ಮನೆಯಿಂದ ಮನೆಗೆ ಹುಡುಕಿ ಎತ್ತಿ ಇಡಬೇಕಲ್ಲ, ಹಾಗೆ ಇಡುತ್ತ ಇಡುತ್ತ ಪುಟ ಅವನಿಗೆ ಬಾಯಿಪಾಠವಾಗಿ ಹೋಯಿತು.

ನಾಲ್ಕನೆಯ ಫಾರಮ್ಮಿನ ಕರಡನ್ನು ಅವನು ಯಾರಿಗೂ ತೋರಿಸಬಾರದೆಂದು ಬಚ್ಚಿಟ್ಟ. ಆದರೆ ಮೊದಲ ಮೂರರ ರುಚಿ ಕಂಡವರು ಸುಮ್ಮನಿರುತ್ತಾರೆಯೇ? ಇನಾಮದಾರರಿಂದ ಆಳು ಬಂದ. "ಮುಂದಿನ ಹಾಳಿ ಎಲ್ಲಿ?" ಪರಮಾನಂದಪ್ಪ ತಾನೇ ಹುಡುಕಿ, ತಾನೇ ಕಟ್ಟಿ, ಶಿದ್ರಾಮಪ್ಪನನ್ನು ಮುಂದೆ ಹಾಕಿಕೊಂಡು ವಾಡೆಗೆ ನಡೆದ. ಅಲ್ಲಿ ನೋಡಿದರೆ ಮೂವರೂ ಒಂದೇ ಗಾದಿಯ ಮೇಲೆ ಕೂತಿದ್ದಾರೆ! ಮೂವತ್ತು ವರ್ಷಗಳಿಂದ ಇನಾಮದಾರರಿಗೂ ಕರೆಪ್ಪಗೌಡರಿಗೂ ಒಂದು ಹೊಲದ ಬದುವಿನ ಸಲುವಾಗಿ ಮಾತಿಲ್ಲ. ಶೆಟ್ಟರು ಗೌಡರ ಮನೆಯ ನೀರು ಮುಟ್ಟುವವರಲ್ಲ. ಪುಸ್ತಕ ಅವರನ್ನು ಒಂದುಗೂಡಿಸಿತ್ತು. ನಡುವೆ ಎಲೆಯಡಿಕೆಯ ತಟ್ಟೆ ಇತ್ತು, ಮೂವರ ತುಟಿಯೂ ಕೆಂಪಾಗಿತ್ತು.

ತಾತ್ಯಾಸಾಹೇಬರು ದೊಡ್ಡ ದನಿಯಲ್ಲಿ ಓದುತ್ತ ಹೋದರು. ನಡುನಡುವೆ ನಗೆ. ಅರವತ್ತೊಂದನೆಯ ಪುಟ ಬಂತು. ಓದಿದರು. ದನಿ ಸಣ್ಣದಾಗುತ್ತ ಬಂದು ಕೊನೆಗೆ ಬರಿಯ ತುಟಿ ಆಡಿದವು. ಶಿದ್ರಾಮಪ್ಪ ಮೂವರ ಮುಖವನ್ನೂ ನೋಡಿದ. ಸುಳ್ಳು ಎನ್ನಲಿ, ಅವಳನ್ನು ಬಯ್ಯಲಿ, ಏನಾದರೊಂದು ಆಗಲಿ ಎಂದು ಕಾದ.

"ಯಾಕಿ ಅಕಿ?" ಎಂದರು ಶೆಟ್ಟರು. "ಹಿಂದ ಕುಂದರತಿದ್ಲಲ್ಲ, ಅಕಿ ಏನು? ನನಗ ಮಾರಿನೂ ನೆನಪಾಗವಲ್ದು."

"ನನಗೂ ಅಷ್ಟ," ಎಂದರು ತಾತ್ಯಾಸಾಹೇಬರು. "ನಾಯಿ ನೆನಪೈತಿ."

"ಮೋತಿ!" ಎಂದರು ಕರೆಪ್ಪಗೌಡರು, ಮತ್ತು ಅವರ ಕಣ್ಣು ತುಂಬಿದವು. "ಖಾಸಾ ಮುಧೋಳದ ನಾಯಿ. ಏನ್ ಸೊಂಟ, ಏನ್ ಓಟ ಅದರದ್ದು! ಮುಧೋಳದಾಗ ಹೊಟ್ಟಿ ಹೊಲದ್ರು ನೋಡ್ರಿ, ಮತ್ತ ಆರ ವರ್ಷ ಬದಕಿತು. ಹಂಥಾ ನಾಯಿ ಮತ್ತ ಹುಟ್ಟಲಿಲ್ಲ."

ಮೂವರೂ ಸ್ವಲ್ಪ ಹೊತ್ತು ನಾಯಿಯ ಮಾತಾಡಿದರು. ಅದರ ಕಿವಿ, ಅದರ ಬಣ್ಣ, ಅದು ಹಾಲಿನಲ್ಲಿ ರೊಟ್ಟಿ ಮುರಿದು ಹಾಕಿದರಷ್ಟೇ ತಿನ್ನುತ್ತಿದ್ದದ್ದು. ಶಿದ್ರಾಮಪ್ಪ ಎಲೆಯಡಿಕೆಯ ವಾಸನೆ ಹೊಡೆಯಬಾರದೆಂದು ಮೂಗಿಗೆ ಹೆಗಲ ಮೇಲಿನ ವಸ್ತ್ರ ಹಿಡಿದುಕೊಂಡ.

"ಇದನ್ನ ತಗದಬಿಡು ಪರಮಾನಂದ," ಎಂದರು ತಾತ್ಯಾಸಾಹೇಬರು. "ಖರೆ ಐತಿ, ಇಲ್ಲ ಅನ್ನಂಗಿಲ್ಲ. ಆದ್ರ ಛಲೋ ಕಾಣಂಗಿಲ್ಲ. ನಡುವ ಇಂಥಾದ್ದು ಬಂದ್ರ ಓದೋರಿಗೆ ಬ್ಯಾಸರಾಕ್ಕೈತಿ."

"ಬಾಯಾರಿಗೆ ಮಾತ ಕೊಟ್ಟೇನ್ರಿ," ಎಂದ ಶಿದ್ರಾಮಪ್ಪ.

"ಹಾಳಿ ಖಾಲಿ ಬಿಡಾಕ ಬರೂದಿಲ್ಲಲ್ರಿ," ಎಂದ ಪರಮಾನಂದಪ್ಪ, ಕೈ ಹೊಸೆಯುತ್ತ. "ಮುಂದಿನ ಪುಟ ಎಲ್ಲಾ ಜೋಡಿಸಿ ಆಗೇತಿ. ಅಷ್ಟ ಜಾಗಾದಾಗ ಏನರ ಹಾಕಬೇಕಾಕ್ಕೈತಿ."

"ಮೋತಿದು ಹಾಕ್ರಿ," ಎಂದರು ಕರೆಪ್ಪಗೌಡರು.

ಎಲ್ಲದಕ್ಕೂ ಕಚ್ಚಾಡುತ್ತಿದ್ದ ಮೂವರು ಇದೊಂದಕ್ಕೆ ಕೂಡಲೇ ಒಪ್ಪಿದರು. ಪುಸ್ತಕದ ಬಿಡುಗಡೆ ವಾಡೆಯಲ್ಲೇ ಆಗಲಿ, ಪಾನ ಸುಪಾರಿ, ಗುಲಾಬಿ ನೀರು ಎಲ್ಲ ತಮ್ಮದೇ, ಹೀರಾಬಾಯಿಯನ್ನು ಟಾಂಗಾ ಕಳಿಸಿ ಕರೆಸೋಣ, ಸಾಧ್ಯವಾದರೆ ಒಂದು ಹಾಡನ್ನೂ ಹಾಡಿಸೋಣ ಎಂದು ಠರಾವಾಯಿತು. ದಾರಿಯಲ್ಲಿ ಶಿದ್ರಾಮಪ್ಪ ಮಾಲಕನ ಎದುರು ನಿಂತ.

"ಅಕಿ ಡಾಬು ತಗೊಂಡೀರಿ ನೀವು. ಆ ಪುಟದ ಸಲುವಾಗಿ ಕೊಟ್ಟದ್ದು ಅದು."

"ನೀನ ಒಯ್ದು ತೋರ್ಸಿದಿ, ನಾ ತೋರ್ಸು ಅಂದಿದ್ನೇನ?" ಎಂದ ಪರಮಾನಂದಪ್ಪ. ಅವನು ಕೆಟ್ಟ ಮನುಷ್ಯನೇನೂ ಅಲ್ಲ. ಸೋಮವಾರ ಒಪ್ಪತ್ತು ಮಾಡುತ್ತಿದ್ದ, ಯಾರನ್ನೂ ಏರಿಸಿದ ದನಿಯಲ್ಲಿ ಮಾತಾಡಿಸುತ್ತಿರಲಿಲ್ಲ. "ಈ ಮೂರ ಮನಿ ಬಿಟ್ರ ನಮ್ಮ ಛಾಪಖಾನಿಗೆ ಕೆಲಸ ಎಲ್ಲಿಂದ ಬರಬೇಕು? ಮತ್ತ ಬಾಯಾರಿಗೆ ಕಣ್ಣು ಎಲ್ಲಿ ಕಾಣಸ್ತಾವು? ಪುಸ್ತಕ ಕೈಯಾಗ ಕೊಟ್ರ ಮುಗೀತು."

ನಾಯಿಯ ಪುಟವನ್ನು ಜೋಡಿಸಿದವನೂ ಶಿದ್ರಾಮಪ್ಪನೇ. ಛಾಪಖಾನೆಯಲ್ಲಿ ಮೊಳೆ ಬಲ್ಲವನು ಅವನೊಬ್ಬನೇ, ಮನೆಯಲ್ಲಿ ಉಣ್ಣುವ ಬಾಯಿ ಆರು. ತಂಗೆವ್ವನ ಪುಟದ ಕಟ್ಟು ಬಿಚ್ಚಿ ಅಕ್ಷರಗಳನ್ನು ಒಂದೊಂದಾಗಿ ಅವುಗಳ ಮನೆಗೆ ಮರಳಿಸಿ, ಅದೇ ಅಕ್ಷರಗಳಿಂದ ಮೋತಿಯ ಸೊಂಟವನ್ನೂ ಓಟವನ್ನೂ ಕೂಡಿಸಿದ. ತನ್ನ ಬೆರಳುಗಳನ್ನು ನೋಡಲು ಅವನಿಗೆ ಹೇಸಿಗೆಯಾಗುತ್ತಿತ್ತು. ಆ ನಾಲ್ಕಾರು ದಿನ ಊಟವನ್ನು ಹೆಂಡತಿ ಕೈತುತ್ತು ಮಾಡಿ ಹಾಕಿದ್ದರೆ ಚೆನ್ನಾಗಿತ್ತು ಎಂದುಕೊಂಡ, ಹಾಗೆಂದು ಹೇಳಲು ನಾಚಿ ಸುಮ್ಮನಾದ.

ಬಿಡುಗಡೆಯ ಹಿಂದಿನ ದಿನ ಮಧ್ಯಾಹ್ನ, ಹೊಲಿಗೆ ಮುಗಿದ ಮೊದಲ ಪ್ರತಿಯನ್ನು ಅವನು ಹೀರಾಬಾಯಿಗೆ ಒಯ್ದ. ಅವಳು ಕೈ ತೊಳೆದುಕೊಂಡು ಬಂದು ಕೂತಳು. ಹಾಲವ್ವ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು. ಹೀರಾಬಾಯಿ ಪುಸ್ತಕವನ್ನು ಮೂಸಿದಳು, ಬೆನ್ನು ಸವರಿದಳು, ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು. ಆಮೇಲೆ ಅವನ ಕಡೆ ಚಾಚಿದಳು.

"ಓದ್ರಿ. ಬ್ಯಾರೇದೇನ ಬ್ಯಾಡ. ತಂಗೆವ್ವನ ಪುಟ ಓದ್ರಿ."

ಶಿದ್ರಾಮಪ್ಪ ಅರವತ್ತೊಂದನೆಯ ಪುಟ ತೆಗೆದ. ಅದನ್ನು ಎದುರಿಗೆ ಹಿಡಿದುಕೊಂಡು, ಬಾಯಿಪಾಠವಿದ್ದ ಪುಟವನ್ನು ಹೇಳಿದ. "ನನ್ನ ತಂಗಿ ತಂಗೆವ್ವ. ನನಗಿಂತ ಎಂಟು ವರ್ಷಕ್ಕ ಸಣ್ಣಾಕಿ." ಒಂದಕ್ಷರ ತಪ್ಪಲಿಲ್ಲ. ಹೇಳುವಾಗ ಅವನ ಕಣ್ಣೆದುರಿಗೆ ಬೇರೆಯೇ ಸಾಲುಗಳು ಇದ್ದವು, ಅವನ್ನು ನೋಡಬಾರದೆಂದು ಕಣ್ಣು ಮುಚ್ಚಿಕೊಂಡ. "ಇಪ್ಪತ್ತೊಂದು ವರ್ಷದಾಕಿ. ಆಕಿ ಹೆಸರು ತಂಗೆವ್ವ," ಎಂದು ಮುಗಿಸಿದ. ಹಾಲವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು.

ಹೀರಾಬಾಯಿ ಅಳಲಿಲ್ಲ. ತಲೆಯನ್ನು ಒಂದು ಕಡೆ ವಾಲಿಸಿ ಕೂತಿದ್ದಳು, ಹಾಡು ಕೇಳುವವರು ಕೂಡುವಂತೆ.

"ಐದ ತಿಂಗಳಿಂದ ನೀವು ಓದೂದು ಕೇಳೇನಿ ಶಿದ್ರಾಮಪ್ಪಾ," ಎಂದಳು. "ಹಾಳಿ ನೋಡಿ ಓದೂ ಮುಂದ ನೀವು ಸಾಲು ತೀರಿದಲ್ಲಿ ಉಸರು ತಗೋತೀರಿ. ನಡುಮಾತಿನ್ಯಾಗ ಆದ್ರೂ ತಡೀತೀರಿ. ಈಗ ಎಲ್ಲಾ ಕಡೆ ಮಾತು ತೀರಿದಲ್ಲಿ ತಗೊಂಡ್ರಿ. ನಾ ಹೇಳಿದ ದಿನ ಎಲ್ಲೆಲ್ಲಿ ನಿಂತಿದ್ನಿ, ಅಲ್ಲಲ್ಲೇ ನಿಂತ್ರಿ. ನೀವು ಓದಲಿಲ್ಲ."

ಅವನು ಪುಸ್ತಕವನ್ನು ತೊಡೆಯ ಮೇಲೆ ಇಳಿಸಿದ.

"ಅಲ್ಲೇನೈತಿ? ಇದ್ದದ್ದು ಓದ್ರಿ."

"ಬ್ಯಾಡ್ರಿ ಬಾಯಾರ."

"ಓದ್ರಿ ಅಂದ್ನಿ."

ಅವನು ಓದಿದ. ಸಾಲು ಸಾಲಿಗೂ ಉಸಿರು ಸಿಕ್ಕಿಕೊಂಡಿತು. ಆ ದಿನದ ಬೇಟೆಯಲ್ಲಿ ಕರೆಪ್ಪಗೌಡರ ನಾಯಿ ತೋರಿದ ಪರಾಕ್ರಮ, ಅದರ ತಳಿ, ಅದರ ಮೈಕಟ್ಟು, ಗಾಯಗೊಂಡ ಅದನ್ನು ಉಳಿಸಲು ಆ ಮಹನೀಯರು ಪಟ್ಟ ಪರಿಶ್ರಮ, ಅವರ ಕರುಣೆ. ಕರುಣೆ ಎಂಬ ಮಾತನ್ನು ಪರಮಾನಂದಪ್ಪ ತಾನೇ ಸೇರಿಸಿದ್ದ. ಹೀರಾಬಾಯಿ ಕೊನೆಯವರೆಗೆ ಕೇಳಿದಳು.

"ನಾಯಿ ಹೆಸರು ಹಾಕ್ಯಾರೇನು?"

"ಹಾಕ್ಯಾರ್ರಿ. ಮೋತಿ ಅಂತ."

"ತಂಗೆವ್ವನ ಹೆಸರು ಎಲ್ಲೆರ ಐತೇನು? ಹಿಂದ, ಮುಂದ, ಎಲ್ಲೆರ?"

"ಎಲ್ಲೂ ಇಲ್ರಿ."

ಹೊರಗೆ ಯಾರೋ ಎಮ್ಮೆ ಹೊಡೆದುಕೊಂಡು ಹೋಗುವ ಸದ್ದು ಕೇಳಿ, ದೂರವಾಯಿತು. "ನಾನೇ ಒಯ್ದು ತೋರ್ಸಿದ್ನಿರಿ ಅವರಿಗೆ," ಎಂದ ಶಿದ್ರಾಮಪ್ಪ. "ಯಾರೂ ಕೇಳಿರಲಿಲ್ಲ. ಪತ್ರಿಕಿ ತೋರಿಸಿದಂಗ ತೋರ್ಸಿದ್ನಿ. ಈ ನಾಯಿದು ಜೋಡಿಸಿದಾಂವನೂ ನಾನೇ."

ಅವಳು ಅವನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಮೊಣಕಾಲ ಮೇಲಿದ್ದ ಕೈಯನ್ನು ಎತ್ತಿ ಬಾಗಿಲಿನ ಬೆಳಕಿನ ಕಡೆ ತೋರಿಸಿದಳು. "ಪುಸ್ತಕ ತಗೊಂಡ ಹೋಗ್ರಿ. ನಾಯಿ ಪುಸ್ತಕ ನನ್ನ ಮನ್ಯಾಗ ಬ್ಯಾಡ. ಹಾಲವ್ವಾ, ನೀರ ತಾ ಬೇ, ಕೈ ತೊಳೀಬೇಕು."

ಛಾಪಖಾನೆಗೆ ಬಂದಾಗ ಪರಮಾನಂದಪ್ಪ ಇರಲಿಲ್ಲ, ನಾಳೆಯ ಪಾನ ಸುಪಾರಿಯ ಏರ್ಪಾಟಿಗೆ ವಾಡೆಗೆ ಹೋಗಿದ್ದ. ಗೋಡೆಯ ಬದಿಗೆ ಮುನ್ನೂರು ಪ್ರತಿಗಳನ್ನು ಒಪ್ಪವಾಗಿ ಒಟ್ಟಿದ್ದರು. ಶಿದ್ರಾಮಪ್ಪ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ. ಸಣ್ಣ ಮೊಳೆಗಳ ಕಡೆ ಹೋಗಲೇ ಇಲ್ಲ. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಪೆಟ್ಟಿಗೆಯಿಂದ, ನಾಟಕ ಕಂಪನಿಯವರ ಗೋಡೆಯ ಜಾಹೀರಾತಿಗೆ ಬಳಸುವ ಕಟ್ಟಿಗೆಯ ದಪ್ಪ ಅಕ್ಷರಗಳನ್ನು ಹುಡುಕಿ ತೆಗೆದ. ತಂ, ಗೆ, ವ್ವ. ಒರೆಸಿ, ಸಾಲಾಗಿ ಹಿಡಿದು, ಹುರಿಯಿಂದ ಬಿಗಿಯಾಗಿ ಕಟ್ಟಿದ. ಕಲ್ಲಿನ ಮೇಲೆ ಮಸಿ ತೀಡಿ ಕಟ್ಟನ್ನು ಅದ್ದಿದ. ಮೊದಲ ಪುಸ್ತಕದ ಅರವತ್ತೊಂದನೆಯ ಪುಟ ತೆಗೆದು, ಅದರ ಮೇಲೆ ಇಟ್ಟು, ಎರಡೂ ಅಂಗೈಯಿಂದ ಮೈಭಾರ ಬಿಟ್ಟು ಒತ್ತಿದ. ಎತ್ತಿ ನೋಡಿದ. ಅಂಚಿನಿಂದ ಅಂಚಿಗೆ ಹೆಸರು ನಿಂತಿತ್ತು. ಅದರ ಮೇಲೆ ಒಂದು ಸಲ, ಕೆಳಗೆ ಒಂದು ಸಲ ಒತ್ತಿದ. ಮಸಿಯಡಿಯ ಸಣ್ಣ ಅಕ್ಷರಗಳಲ್ಲಿ ಒಂದನ್ನೂ ಓದಲು ಬರುತ್ತಿರಲಿಲ್ಲ.

ಮಸಿ ದಪ್ಪವಾಗಿತ್ತು, ಕೂಡಲೇ ಮುಚ್ಚಿದರೆ ಎದುರಿನ ಪುಟಕ್ಕೆ ಹತ್ತುತ್ತದೆ. ಪುಸ್ತಕವನ್ನು ತೆರೆದೇ ನೆಲದ ಮೇಲೆ ಇಟ್ಟ. ಎರಡನೆಯದನ್ನು ಅದರ ಪಕ್ಕಕ್ಕೆ ಇಟ್ಟ. ಮೇಜಿನ ಕೆಳಗೆ, ಯಂತ್ರದ ಸುತ್ತ, ಕಾಗದದ ರೀಮುಗಳ ಸಂದಿಯಲ್ಲಿ, ಬಾಗಿಲ ತನಕ ಇಡುತ್ತ ಹೋದ. ಅಂಗೈ ಸುಲಿದು ಮಸಿಯೊಳಗೆ ಉರಿಯುತ್ತಿತ್ತು. ಅಷ್ಟು ದಿನಗಳಲ್ಲಿ ಮೊದಲ ಸಲ ಅವನಿಗೆ ತನ್ನ ಕೈ ನೋಡಿದರೆ ಹೇಸಿಗೆಯಾಗಲಿಲ್ಲ.

ಹೊತ್ತು ಇಳಿಯುವಾಗ ಪರಮಾನಂದಪ್ಪ ಹೂವಿನ ಹಾರಗಳ ಪುಟ್ಟಿ ಹಿಡಿದುಕೊಂಡು ಬಂದ.

"ಶಿದ್ರಾಮಾ! ಏನ್ ಮಾಡಾಕತ್ತೀಯೋ?"

ಶಿದ್ರಾಮಪ್ಪ ತಲೆ ಎತ್ತಲಿಲ್ಲ. ಮುಂದಿನ ಪುಸ್ತಕ ತೆಗೆದುಕೊಂಡ.

ಪರಮಾನಂದಪ್ಪ ಒಳಗೆ ಬರಲೆಂದು ಚಪ್ಪಲಿ ಕಳಚಿದ. ಕಾಲು ಎತ್ತಿದವನು ಹಾಗೆಯೇ ನಿಂತ. ಕಾಗದದ ಚೂರಿಗೆ ಕಾಲು ತಾಗಿದರೂ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮನುಷ್ಯ ಅವನು. ಹೊಸ್ತಿಲಿನಿಂದ ಗೋಡೆಯವರೆಗೆ ಹಸಿ ಮಸಿಯಲ್ಲಿ ಹೆಸರು ಹಾಸಿತ್ತು. ಅವನು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಕಾಲಿಡಲು ಎಲ್ಲೂ ಜಾಗ ಇರಲಿಲ್ಲ.